ಮೂರು ಸರ್ವರ್, ಕೆಳಗೆ ಒಂದೇ ಡಬ್ಬ: ಎಚ್‌ಎ ಕ್ಲಸ್ಟರ್‌ಗೆ ಸ್ಟೋರೇಜ್ ಹೇಗೆ ಹಂಚಬೇಕು?

ಪ್ರಶ್ನೆ: ಶಿವಮೊಗ್ಗ ಕಡೆಯ 120 ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ಐಟಿ ನೋಡಿಕೊಳ್ಳುತ್ತೇನೆ. ನಾನೊಬ್ಬ, ಜೊತೆಗೊಬ್ಬ ಹುಡುಗ, ಅಷ್ಟೇ. ಈಗ ವಿಎಂವೇರ್ ತಂತ್ರಾಂಶದ ಮೇಲೆ 16 ವಿಎಂಗಳು (ಸರ್ವರ್ ಒಳಗೆ ಓಡುವ ವರ್ಚುವಲ್ ಯಂತ್ರಗಳು) ಓಡುತ್ತಿವೆ. ಲೈಸೆನ್ಸ್ ನವೀಕರಣದ ರೇಟು ನೋಡಿ ಆಡಳಿತ ಮಂಡಳಿ ಬೇಡ ಎಂದಿದೆ. ಹಾಗಾಗಿ ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್‌ ಎಂಬ ತಂತ್ರಾಂಶಕ್ಕೆ ಹೋಗುತ್ತಿದ್ದೇವೆ. ಹೊಸ ಸರ್ವರ್ ಮೂರು ಬರುತ್ತಿವೆ, ಒಂದೊಂದಕ್ಕೂ 256 ಜಿಬಿ ರ‍್ಯಾಮ್. ಒಬ್ಬ ವೆಂಡರ್ ಎರಡು ಕಂಟ್ರೋಲರ್ ಇರುವ ಸ್ಯಾನ್ ಡಬ್ಬ (ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳುವ ಸ್ಟೋರೇಜ್) ಕೊಡುತ್ತೇನೆ ಎನ್ನುತ್ತಾರೆ. ಅದರಲ್ಲಿ 8 ಟಿಬಿಯ 8 ಹಾರ್ಡ್‌ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ), ಇಡೀ ಜಾಗ ಸೇರಿ ಒಂದೇ ಲನ್ (ಸರ್ವರ್‌ಗೆ ಒಂದು ಡಿಸ್ಕ್‌ನಂತೆ ಕಾಣುವ ತುಂಡು). "ಎಚ್‌ಎ ಆನ್ ಮಾಡಿಬಿಟ್ಟರೆ ಡೌನ್‌ಟೈಮೇ ಇಲ್ಲ ಸಾರ್" ಅಂತಾರೆ. ಎಚ್‌ಎ (ಹೈ ಅವೈಲಬಿಲಿಟಿ) ಅಂದರೆ ಒಂದು ಸರ್ವರ್ ಕೆಟ್ಟರೆ ಅದರ ಕೆಲಸವನ್ನು ಉಳಿದವು ವಹಿಸಿಕೊಳ್ಳುವ ವ್ಯವಸ್ಥೆಯಂತೆ. ಇನ್ನೊಬ್ಬರು ಸ್ಯಾನೇ ಬೇಡ, ಸರ್ವರ್‌ಗಳಲ್ಲೇ ಎಸ್‌ಎಸ್‌ಡಿ ಹಾಕಿ ಸೆಫ್ (ಎಲ್ಲ ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದಾಗಿ ಸೇರಿಸುವ ತಂತ್ರಾಂಶ) ಮಾಡೋಣ ಅಂತಾರೆ. ರೋಗಿಗಳ ದಾಖಲೆಯ ಡೇಟಾಬೇಸ್ 300 ಜಿಬಿ ಇದೆ. ಸಿಟಿ, ಎಕ್ಸ್‌ರೇ ಚಿತ್ರಗಳು 8 ಟಿಬಿ, ಫೈಲ್ ಶೇರ್ 2 ಟಿಬಿ, ಉಳಿದದ್ದೆಲ್ಲ ಸೇರಿ ಇನ್ನೊಂದು 2 ಟಿಬಿ. ಒಂದು ದೊಡ್ಡ ಲನ್ ಸಾಕಾ, ಚಿಕ್ಕಚಿಕ್ಕದು ಮಾಡಬೇಕಾ? ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರೂ ನಿಮಗೆ ಜಾಗದ ಲೆಕ್ಕ ಕೊಡುತ್ತಿದ್ದಾರೆ. ನೀವು ಮೊದಲು ಹಾಕಬೇಕಾದದ್ದು ಬೀಳುವ ಲೆಕ್ಕ. ಯಾವುದು ಬಿದ್ದರೆ ಅದರ ಜೊತೆ ಏನೇನು ಬೀಳುತ್ತದೆ, ಅದು ಕೈಕೊಟ್ಟಾಗ ಉಳಿದದ್ದು ಹೇಗೆ ನಡೆಯುತ್ತದೆ ಎನ್ನುವುದು ಕಾಗದದ ಮೇಲೆ ಬಂದರೆ, ಲನ್ ಎಷ್ಟು ಎನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಅಂದಹಾಗೆ ಲೈಸೆನ್ಸ್ ತಲೆನೋವು ನಿಮ್ಮೊಬ್ಬರದ್ದಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಮುಂದಿನ ತಿಂಗಳೇ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ನನಗೆ ಬರುವ ಕೆಲಸದಲ್ಲಿ ಹೆಚ್ಚಿನದು ಇಂಥ ವಲಸೆಯದ್ದೇ.

ಮೊದಲು "ಡೌನ್‌ಟೈಮೇ ಇಲ್ಲ" ಎನ್ನುವ ಮಾತು. ಒಂದು ಸರ್ವರ್ ಸತ್ತರೆ ಅದರ ಮೇಲಿದ್ದ ವಿಎಂ ಹಾರಿ ಇನ್ನೊಂದಕ್ಕೆ ಹೋಗುವುದಿಲ್ಲ. ಅದೂ ಸಾಯುತ್ತದೆ. ಉಳಿದ ಸರ್ವರ್‌ಗಳು ಸ್ವಲ್ಪ ಕಾಯ್ದು, ಸತ್ತಿದ್ದು ಖಾತ್ರಿ ಮಾಡಿಕೊಂಡು, ಆ ವಿಎಂ ಅನ್ನು ಬೇರೆ ಕಡೆ ಹೊಸದಾಗಿ ಬೂಟ್ ಮಾಡುತ್ತವೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದಕ್ಕೆ ಸುಮಾರು 2 ನಿಮಿಷ. ಅದರ ಮೇಲೆ ವಿಂಡೋಸ್ ಏಳುವ ಸಮಯ, ಡೇಟಾಬೇಸ್ ತನ್ನ ಲಾಗ್ ಓದಿ ಸರಿಪಡಿಸಿಕೊಳ್ಳುವ ಸಮಯ. ಬಿಲ್ಲಿಂಗ್ ಕೌಂಟರಿನಲ್ಲಿ ಕೂತವರಿಗೆ ಐದರಿಂದ ಹತ್ತು ನಿಮಿಷ ಪರದೆ ನಿಲ್ಲುತ್ತದೆ ಎಂದು ಇಟ್ಟುಕೊಳ್ಳಿ. ಡೇಟಾಬೇಸಿನ ದೃಷ್ಟಿಯಲ್ಲಿ ಇದು ಕರೆಂಟ್ ಕಿತ್ತು ಮತ್ತೆ ಹಾಕಿದ ಹಾಗೆಯೇ. ಒಂದು ಕ್ಷಣವೂ ನಿಲ್ಲಬಾರದು ಎಂದಿದ್ದರೆ ಆ ಕೆಲಸವನ್ನು ಡೇಟಾಬೇಸೇ ತನ್ನ ಎರಡನೇ ಪ್ರತಿ ಇಟ್ಟುಕೊಂಡು ಮಾಡಬೇಕು, ಎಚ್‌ಎ ಅದನ್ನು ಮಾಡಿಕೊಡುವುದಿಲ್ಲ.

ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಎಚ್‌ಎ ನಿಮ್ಮನ್ನು ಕಾಪಾಡುವುದು ಸರ್ವರ್ ಸತ್ತಾಗ. ಸ್ಟೋರೇಜ್ ಸತ್ತಾಗ ಅಲ್ಲ. ಆ ಡಬ್ಬವೇ ಮಲಗಿದರೆ ಮೂರು ಸರ್ವರ್‌ಗಳೂ ಆರೋಗ್ಯವಾಗಿ ನಿಂತಿರುತ್ತವೆ, ಓದಲು ಏನೂ ಇರುವುದಿಲ್ಲ. ಎರಡು ಕಂಟ್ರೋಲರ್ ಇದೆಯಲ್ಲ ಎಂದು ವೆಂಡರ್ ಹೇಳಬಹುದು. ನಿಜ, ಒಂದು ಕಂಟ್ರೋಲರ್ ಹೋದರೆ ಇನ್ನೊಂದು ಹಿಡಿಯುತ್ತದೆ. ಆದರೆ ಎರಡೂ ಕೂತಿರುವುದು ಒಂದೇ ಚಾಸಿಯಲ್ಲಿ, ಒಂದೇ ಬ್ಯಾಕ್‌ಪ್ಲೇನ್ ಮೇಲೆ, ಒಂದೇ ಫರ್ಮ್‌ವೇರ್ ಓಡಿಸುತ್ತಾ. ಒಂದರಲ್ಲಿರುವ ಬಗ್ ಇನ್ನೊಂದರಲ್ಲೂ ಇರುತ್ತದೆ.

ಒಂದು ಕಾರ್ಖಾನೆಯಲ್ಲಿ ನಾನೇ ಕಂಡದ್ದು. ಎರಡು ಕಂಟ್ರೋಲರ್, ಎರಡು ಪವರ್ ಸಪ್ಲೈ, ಎಲ್ಲ ಜೋಡಿ ಜೋಡಿ. ಪವರ್ ವೈರ್ ಎರಡೂ ಹೋಗಿದ್ದು ಒಂದೇ ಯುಪಿಎಸ್‌ಗೆ. ಬ್ಯಾಟರಿ ಬದಲಿಸಲು ಬಂದವರು ಐದು ನಿಮಿಷ ಅಂತ ಯುಪಿಎಸ್ ಆಫ್ ಮಾಡಿದರು. ಬೆಳಿಗ್ಗೆ ಹನ್ನೊಂದೂವರೆಗೆ ಇಡೀ ಕಾರ್ಖಾನೆಯ ಗೇಟ್‌ಪಾಸ್ ಪುಸ್ತಕದಲ್ಲಿ ಬರೆಯುವ ಸ್ಥಿತಿ ಬಂತು. ಸರ್ವರ್‌ಗಳು ಬೇರೆ ಯುಪಿಎಸ್ ಮೇಲಿದ್ದವು, ಅವಕ್ಕೆ ಏನೂ ಆಗಿರಲಿಲ್ಲ. ವಿನ್ಯಾಸ ಮಾಡಿಕೊಟ್ಟಿದ್ದು ನಾನೇ, ಪ್ಲಗ್ ಎಲ್ಲಿಗೆ ಹೋಗಿದೆ ಎಂದು ಬಗ್ಗಿ ನೋಡಿರಲಿಲ್ಲ. ಈಗ ಯಾವ ಜಾಗಕ್ಕೆ ಹೋದರೂ ಮೊದಲು ರ‍್ಯಾಕ್ ಹಿಂದೆ ಹೋಗಿ ವೈರ್ ಹಿಡಿದು ಗೋಡೆಯವರೆಗೂ ನೋಡುತ್ತೇನೆ.

ಈಗ ಆ ಕೊಟೇಶನ್. ರೇಡ್ 5ರಲ್ಲಿ 8 ಟಿಬಿಯ 8 ಡಿಸ್ಕ್ ಅಂದರೆ 56 ಟಿಬಿ ಸಿಗುತ್ತದೆ. ನಿಮಗೆ ಬೇಕಿರುವುದು 12 ಟಿಬಿ ಚಿಲ್ಲರೆ. ಜಾಗ ಧಾರಾಳ, ಅಲ್ವಾ? ವೇಗ ನೋಡಿ. 7200 ಆರ್‌ಪಿಎಂನ ಒಂದು ಡಿಸ್ಕ್ ಅಲ್ಲಲ್ಲಿ ಚದುರಿದ ಓದು-ಬರಹವನ್ನು ಸೆಕೆಂಡಿಗೆ 80ರಷ್ಟು ಮಾಡುತ್ತದೆ. ಎಂಟು ಸೇರಿ 640. ಆದರೆ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಒಳಗೆ ನಾಲ್ಕು ಕೆಲಸ: ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಕಟ್ಟಲು ಇಡುವ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ಅಲ್ಲಿಗೆ ಬರಹ ಸೆಕೆಂಡಿಗೆ 160. ಹದಿನಾರು ವಿಎಂ ಇದನ್ನು ಹಂಚಿಕೊಳ್ಳಬೇಕು. ಡೆಮೊ ದಿನ ಕಂಟ್ರೋಲರಿನ ಕ್ಯಾಶ್ ಇದನ್ನೆಲ್ಲ ಮುಚ್ಚಿಡುತ್ತದೆ. ಸೋಮವಾರ ಬೆಳಿಗ್ಗೆ ಒಪಿಡಿ ತುಂಬಿದಾಗ ಕ್ಯಾಶ್ ತುಂಬುತ್ತದೆ, ಆಗ ಗೊತ್ತಾಗುತ್ತದೆ.

ಡಿಸ್ಕ್ ಕೆಟ್ಟರೆ ಇನ್ನೊಂದು ಭಯ. 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಮತ್ತೆ ತುಂಬಿಸಲು ಏನೂ ಅಡ್ಡಿ ಇಲ್ಲದಿದ್ದರೂ 15 ಗಂಟೆ ಹತ್ತಿರ ಬೇಕು. ಕೆಲಸ ನಡೆಯುತ್ತಲೇ ಇದ್ದರೆ ಎರಡು ಮೂರು ದಿನ ಆಗಬಹುದು. ಅಷ್ಟು ಹೊತ್ತು ಉಳಿದ ಏಳು ಡಿಸ್ಕ್‌ಗಳನ್ನು ಮೂಲೆ ಮೂಲೆ ಓದಿಸುತ್ತೀರಿ. ಎಲ್ಲ ಒಂದೇ ಬ್ಯಾಚಿನವು, ಒಂದೇ ವಯಸ್ಸಿನವು. ಅದರಲ್ಲಿ ಇನ್ನೊಂದು ಕೈಕೊಟ್ಟರೆ 16 ವಿಎಂ ಒಟ್ಟಿಗೆ ಹೋಯಿತು. ದೊಡ್ಡ ಹಾರ್ಡ್‌ಡಿಸ್ಕ್‌ಗೆ ರೇಡ್ 5 ನಾನು ಒಪ್ಪುವುದಿಲ್ಲ. ಚಿತ್ರಗಳಿಗೆ ರೇಡ್ 6 (ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ), ಡೇಟಾಬೇಸಿಗೆ ಎಸ್‌ಎಸ್‌ಡಿ ಮೇಲೆ ರೇಡ್ 10 (ಪ್ರತಿ ಡಿಸ್ಕಿಗೂ ಒಂದು ಜೋಡಿ ಪ್ರತಿ).

ಇನ್ನು ಸೆಫ್. ಒಳ್ಳೆಯ ವ್ಯವಸ್ಥೆ. ಪ್ರತಿ ತುಣುಕಿನ ಮೂರು ಪ್ರತಿ ಮೂರು ಸರ್ವರ್‌ಗಳಲ್ಲಿ ಇರುತ್ತದೆ. ಒಂದು ಸರ್ವರ್ ಹೋದರೂ ಎರಡು ಪ್ರತಿ ಉಳಿದಿರುವುದರಿಂದ ಕೆಲಸ ನಡೆಯುತ್ತದೆ. ಎಲ್ಲರೂ ಆತುಕೊಂಡಿರುವ ಒಂದು ಡಬ್ಬ ಎನ್ನುವುದೇ ಇರುವುದಿಲ್ಲ. ಆದರೆ ಮೂರೇ ಸರ್ವರ್ ಇರುವಲ್ಲಿ ಅದಕ್ಕೆ ಒಂದು ಮಿತಿ ಇದೆ, ಅದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಸರ್ವರ್ ಹೋದಾಗ ಮೂರನೇ ಪ್ರತಿ ಮಾಡಿಕೊಳ್ಳಲು ನಾಲ್ಕನೇ ಜಾಗವೇ ಇಲ್ಲ. ಸತ್ತದ್ದು ರಿಪೇರಿ ಆಗುವವರೆಗೂ ಎರಡೇ ಪ್ರತಿಯ ಮೇಲೆ ಓಡಬೇಕು. ಆ ನಡುವೆ ಇನ್ನೊಂದು ಕಡೆ ಡಿಸ್ಕ್ ಹೋದರೆ ಅದರಲ್ಲಿದ್ದ ತುಣುಕುಗಳ ಮೇಲೆ ಓದು-ಬರಹ ನಿಲ್ಲುತ್ತದೆ.

ಜಾಗದ ಲೆಕ್ಕವೂ ಮೇಲ್ನೋಟಕ್ಕೆ ಕಂಡ ಹಾಗಿಲ್ಲ. ಒಂದೊಂದು ಸರ್ವರ್‌ಗೆ 3.84 ಟಿಬಿಯ ನಾಲ್ಕು ಎಸ್‌ಎಸ್‌ಡಿ ಹಾಕಿದಿರಿ ಎಂದುಕೊಳ್ಳಿ. ಒಟ್ಟು 46 ಟಿಬಿ, ಮೂರು ಪ್ರತಿಗೆ ಭಾಗಿಸಿದರೆ 15.4 ಟಿಬಿ. ಸೆಫ್ 85 ಶೇಕಡಾ ತುಂಬಿದಾಗ ಎಚ್ಚರಿಸುತ್ತದೆ, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಈಗ ಒಂದು ಎಸ್‌ಎಸ್‌ಡಿ ಕೆಟ್ಟಿತು. ಅದರಲ್ಲಿದ್ದದ್ದು ಅದೇ ಸರ್ವರಿನ ಉಳಿದ ಮೂರು ಡಿಸ್ಕ್‌ಗಳ ಮೇಲೆಯೇ ಬಂದು ಕೂರಬೇಕು, ಏಕೆಂದರೆ ಬೇರೆ ಸರ್ವರ್‌ಗಳಲ್ಲಿ ಆಗಲೇ ಒಂದೊಂದು ಪ್ರತಿ ಇದೆ. ನಾಲ್ಕು ಜನರ ಹೊರೆ ಮೂರು ಜನ ಹೊರುವ ಹಾಗೆ. ಆಗಲೂ 85 ದಾಟಬಾರದು ಎಂದರೆ ಮೊದಲೇ 64 ಶೇಕಡಾಕ್ಕಿಂತ ಜಾಸ್ತಿ ತುಂಬಿರಬಾರದು. ಅಂದರೆ ಕೈಗೆ ಸಿಗುವುದು 9.8 ಟಿಬಿ. ನಿಮ್ಮ 12 ಟಿಬಿ ಅಲ್ಲಿ ಹಿಡಿಸುವುದಿಲ್ಲ.

ಜೊತೆಗೆ ಎರಡು ಷರತ್ತು. ಕರೆಂಟ್ ಹೋದಾಗಲೂ ಬರೆದದ್ದನ್ನು ಉಳಿಸಿಕೊಳ್ಳುವ ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿಯೇ ಬೇಕು. ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪ್ ಎಸ್‌ಎಸ್‌ಡಿ ಹಾಕಿದರೆ ಸೆಫ್ ತೆವಳುತ್ತದೆ. ನೆಟ್‌ವರ್ಕ್ 10 ಗಿಗಾಬಿಟ್ ಕನಿಷ್ಠ, 25 ಇದ್ದರೆ ನೆಮ್ಮದಿ.

ಸರ್ವರಿನ ಒಳಗಿನ ಡಿಸ್ಕ್ ಮೇಲೆ ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇಟ್ಟು, ಆಗಾಗ ಪಕ್ಕದ ಸರ್ವರ್‌ಗೆ ಪ್ರತಿ ಕಳಿಸುವ ಮೂರನೇ ದಾರಿಯೂ ಇದೆ. ಅಗ್ಗ, ಸರಳ. ಸುಮ್ನೆ ಬಿಟ್ಟರೆ 15 ನಿಮಿಷಕ್ಕೊಮ್ಮೆ ಕಳಿಸುತ್ತದೆ, ಒಂದು ನಿಮಿಷಕ್ಕೂ ಇಳಿಸಬಹುದು. ಆದರೆ ಸರ್ವರ್ ಸತ್ತರೆ ಕೊನೆಯ ಪ್ರತಿಯ ನಂತರ ಬರೆದದ್ದು ಹೋಯಿತು. ಫೈಲ್ ಶೇರ್‌ಗೆ ಇದು ನಡೆಯುತ್ತದೆ. ರೋಗಿಗೆ ಕೊಟ್ಟ ಔಷಧಿಯ ದಾಖಲೆಗೆ ನಡೆಯುವುದಿಲ್ಲ.

ಈ ಮೂರರಲ್ಲಿ ನಿಮಗೆ ಯಾವುದು? ನಾನಾದರೆ ಮೊದಲು ಚಿತ್ರಗಳನ್ನು ಬೇರೆ ಮಾಡುತ್ತೇನೆ. ನಿಮ್ಮ 12 ಟಿಬಿಯಲ್ಲಿ 8 ಟಿಬಿ ಅವೇ. ಒಮ್ಮೆ ಬರೆದ ಸ್ಕ್ಯಾನ್ ಮತ್ತೆ ಬದಲಾಗುವುದಿಲ್ಲ, ಓದುವುದೂ ಮೊದಲ ಕೆಲವು ವಾರ ಮಾತ್ರ ಜಾಸ್ತಿ. ಅವುಗಳಿಗೆ ಬೇಕಾದದ್ದು ಜಾಗ. ಡೇಟಾಬೇಸಿಗೆ ಬೇಕಾದದ್ದು ವೇಗ. ಎರಡನ್ನೂ ಒಂದೇ ಲನ್‌ಗೆ ತುಂಬುವುದು ಅಂದರೆ ಗೋಧಿ ಮೂಟೆ ಮತ್ತು ಮೊಟ್ಟೆ ಒಂದೇ ಚೀಲದಲ್ಲಿ ಹಾಕಿದ ಹಾಗೆ. ರೇಡ್ 6 ಇರುವ ಬೇರೆಯೇ ಒಂದು ನ್ಯಾಸ್ ಡಬ್ಬ (ನೆಟ್‌ವರ್ಕ್ ಮೇಲೆ ಫೈಲ್ ಕೊಡುವ ಸ್ಟೋರೇಜ್) ತಂದು ಚಿತ್ರಗಳನ್ನು ಅದರಲ್ಲಿಡಿ. ಚಿತ್ರಗಳ ಸರ್ವರಿನ ವಿಎಂ ಮಾತ್ರ ವೇಗದ ಕಡೆ ಇರಲಿ. ನ್ಯಾಸ್ ಅರ್ಧ ದಿನ ಮಲಗಿದರೂ ಹೊಸ ಸ್ಕ್ಯಾನ್‌ಗಳು ಸಿಟಿ ಯಂತ್ರದ ಸ್ವಂತ ಡಿಸ್ಕಿನಲ್ಲಿ ಇರುತ್ತವೆ, ಆಮೇಲೆ ಕಳಿಸಿಕೊಳ್ಳಬಹುದು. ಎಷ್ಟು ದಿನದ್ದು ಹಿಡಿಸುತ್ತದೆ ಎಂದು ರೇಡಿಯಾಲಜಿಯವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಉಳಿದದ್ದು 4.3 ಟಿಬಿ. ಇದಕ್ಕೆ ಸ್ಯಾನೂ ಆಗುತ್ತದೆ, ಸೆಫೂ ಆಗುತ್ತದೆ. ನೀವು ಇಬ್ಬರೇ ಇದ್ದೀರಿ ಎಂದಿರಲ್ಲ, ನನ್ನ ಒಲವು ಅದಕ್ಕೇ ಸ್ಯಾನ್ ಕಡೆ. ಸೆಫ್ ಕೆಡುವುದು ಕಡಿಮೆ, ಆದರೆ ಕೆಟ್ಟ ರಾತ್ರಿ ಅದರ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಮುಂದೆ ನಾಲ್ಕನೇ ಸರ್ವರ್ ತರುವ ಯೋಚನೆ ಇದ್ದು, ಕಲಿಯಲು ಎರಡು ತಿಂಗಳು ಸಿಗುತ್ತದೆ ಎಂದರೆ ಸೆಫ್‌ಗೇ ಹೋಗಿ, ನಾನು ತಡೆಯುವುದಿಲ್ಲ.

ಸ್ಯಾನ್ ಆದರೆ ಹಾರ್ಡ್‌ಡಿಸ್ಕ್ ಬದಲು 3.84 ಟಿಬಿಯ ಆರು ಎಸ್‌ಎಸ್‌ಡಿ ಕೇಳಿ. ರೇಡ್ 10ರಲ್ಲಿ 11.5 ಟಿಬಿ ಸಿಗುತ್ತದೆ. ಈಗ ನಿಮ್ಮ ಲನ್ ಪ್ರಶ್ನೆ. ವಿಎಂಗೊಂದು ಲನ್ ಬೇಡ, 16 ಲನ್, ಒಂದೊಂದಕ್ಕೂ ಸರ್ವರ್‌ನಿಂದ ಡಬ್ಬಕ್ಕೆ ನಾಲ್ಕು ದಾರಿ ಎಂದರೆ ನೋಡಿಕೊಳ್ಳಲು ಆಗುವುದಿಲ್ಲ. ಒಂದೇ ಲನ್ನೂ ಬೇಡ. ಡಬ್ಬದಲ್ಲಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಚಿತ್ರ) ತೆಗೆಯುವುದು, ಹಿಂದಕ್ಕೆ ಹೋಗುವುದು ಎಲ್ಲ ಲನ್ ಮಟ್ಟದಲ್ಲಿ. ಡೇಟಾಬೇಸನ್ನು ನಿನ್ನೆಗೆ ತಿರುಗಿಸಲು ಹೋದರೆ ಲ್ಯಾಬಿನದ್ದು, ಫೈಲ್ ಶೇರಿನದ್ದು ಎಲ್ಲವೂ ನಿನ್ನೆಗೆ ಹೋಗುತ್ತದೆ. ಲನ್ ಮೇಲಿನ ಎಲ್‌ವಿಎಂ (ಲನ್ನಿನ ಜಾಗವನ್ನು ವಿಎಂಗಳಿಗೆ ಹಂಚುವ ಲಿನಕ್ಸ್ ವ್ಯವಸ್ಥೆ) ಮಾಹಿತಿ ಕೆಟ್ಟರೂ ಅಷ್ಟೇ, ಅದರಲ್ಲಿದ್ದ ಅಷ್ಟೂ ವಿಎಂ ಕಾಣೆ. ಹಾಗಾಗಿ ಯಾವುದನ್ನು ಒಟ್ಟಿಗೆ ಎತ್ತಿ ನಿಲ್ಲಿಸಬೇಕೋ ಅದನ್ನು ಒಟ್ಟಿಗೆ ಇಡಿ. ರೋಗಿಗಳ ದಾಖಲೆಯ ಡೇಟಾಬೇಸು ಮತ್ತು ಅದರ ಅಪ್ಲಿಕೇಶನ್ ಸರ್ವರ್ ಒಂದು ಲನ್. ಲ್ಯಾಬ್, ಬಿಲ್ಲಿಂಗ್, ಔಷಧಾಲಯ ಇನ್ನೊಂದು. ಫೈಲ್ ಶೇರ್ ಮತ್ತು ಚಿಲ್ಲರೆ ಮೂರನೆಯದು. ಮೂರು ಸಾಕು. ಪ್ರತಿಯೊಂದರಲ್ಲೂ ಕಾಲು ಭಾಗ ಖಾಲಿ ಬಿಡಿ. ಡಬ್ಬದ ಕಡೆ ಥಿನ್ ಪ್ರಾವಿಶನಿಂಗ್ ಆನ್ ಮಾಡಿ ಇಲ್ಲದ ಜಾಗ ಹಂಚಬೇಡಿ. ಅದು ತುಂಬಿದ ದಿನ ಎಲ್ಲ ಲನ್‌ಗಳೂ ಒಟ್ಟಿಗೆ ಬರೆಯುವುದನ್ನು ನಿಲ್ಲಿಸುತ್ತವೆ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಂಥ ಲನ್ ಮೇಲೆ ಸಾದಾ ಎಲ್‌ವಿಎಂ ಬಳಸಬೇಕು. ಬರೆದಷ್ಟೇ ಜಾಗ ಹಿಡಿಯುವ ಅದರ ಇನ್ನೊಂದು ರೂಪ ಎಲ್‌ವಿಎಂ-ಥಿನ್ ಹಲವು ಸರ್ವರ್ ಹಂಚಿಕೊಳ್ಳುವುದಕ್ಕೆ ಅಲ್ಲ. ಸಾದಾ ಎಲ್‌ವಿಎಂನಲ್ಲಿ ವಿಎಂ ಸ್ನ್ಯಾಪ್‌ಶಾಟ್ ಮೊದಲಿಂದಲೂ ಇರಲಿಲ್ಲ. 2025ರಲ್ಲಿ ಬಂದ 9ನೇ ಆವೃತ್ತಿ ಅದನ್ನು ಪ್ರಯೋಗದ ರೂಪದಲ್ಲಿ ಕೊಟ್ಟಿತು. ವಿಎಂವೇರ್‌ನ ಅಭ್ಯಾಸ ಇರುವವರಿಗೆ ಇಲ್ಲೇ ಮೊದಲ ನಿರಾಸೆ. ಇನ್ನೂ ಒಂದು ತಪ್ಪು ಪ್ರತಿವರ್ಷ ಯಾರಾದರೂ ಮಾಡುತ್ತಾರೆ: ಲನ್ ಮೇಲೆ ಇಎಕ್ಸ್‌ಟಿ4 (ಒಂದೇ ಸರ್ವರ್ ಬಳಸಲೆಂದು ಮಾಡಿದ ಫೈಲ್ ಸಿಸ್ಟಮ್) ಹಾಕಿ ಮೂರು ಸರ್ವರ್‌ನಲ್ಲೂ ಮೌಂಟ್ ಮಾಡುವುದು. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಒಂದೇ ಲೆಕ್ಕದ ಪುಸ್ತಕವನ್ನು ಮೂವರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ತಿದ್ದಿದ ಹಾಗೆ ಅದು. ಕೆಲವು ದಿನಗಳಲ್ಲಿ ಪುಸ್ತಕ ಓದಲು ಬರುವುದಿಲ್ಲ.

ಎಚ್‌ಎ ಒಳಗೆ ಫೆನ್ಸಿಂಗ್ ಇರುವುದೂ ಇದೇ ಭಯಕ್ಕೆ. ಒಂದು ಸರ್ವರ್ ಉಳಿದಿಬ್ಬರ ಜೊತೆ ಮಾತು ಕಳೆದುಕೊಂಡರೆ, ತಾನು ಬದುಕಿದ್ದರೂ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಒಂದೇ ವಿಎಂ ಎರಡು ಕಡೆ ಎದ್ದು ಒಂದೇ ಡಿಸ್ಕಿಗೆ ಬರೆಯಬಾರದು ಎಂದು. ಈ ಮಾತುಕತೆ ನಡೆಸುವುದು ಕೊರೋಸಿಂಕ್ ಎಂಬ ತಂತ್ರಾಂಶ. ಅದಕ್ಕೆ ವೇಗದ ದಾರಿ ಬೇಡ, ತಡ ಆಗದ ದಾರಿ ಬೇಕು. ನನ್ನ ಹತ್ತಿರ ಬಂದ ಒಂದು ಕೇಸಿನಲ್ಲಿ ರಾತ್ರಿ ಎರಡು ಗಂಟೆಗೆ ಮೂರು ಸರ್ವರ್‌ಗಳೂ ಒಟ್ಟಿಗೆ ರೀಬೂಟ್ ಆಗುತ್ತಿದ್ದವು, ವಾರಕ್ಕೆರಡು ಸಲ. ಎರಡು ಗಂಟೆಗೆ ಬ್ಯಾಕಪ್ ಶುರುವಾಗುತ್ತಿತ್ತು. ಬ್ಯಾಕಪ್, ಸ್ಟೋರೇಜ್, ಕೊರೋಸಿಂಕ್ ಮೂರೂ ಒಂದೇ ವೈರಿನಲ್ಲಿ. ಬ್ಯಾಕಪ್ ದಾರಿ ತುಂಬಿದಾಗ ಕೊರೋಸಿಂಕ್ ಮಾತು ತಡವಾಗಿ, ಒಬ್ಬೊಬ್ಬರೂ ತಾವು ಒಂಟಿಯಾದೆವು ಎಂದುಕೊಂಡು ರೀಬೂಟ್. ಎಚ್‌ಎ ಇಲ್ಲದಿದ್ದರೆ ಅವರಿಗೆ ತೊಂದರೆಯೇ ಇರುತ್ತಿರಲಿಲ್ಲ! ಕೊರೋಸಿಂಕ್‌ಗೆ ಬೇರೆ 1 ಗಿಗಾಬಿಟ್ ಪೋರ್ಟ್ ಕೊಡಿ, ಎರಡನೇ ದಾರಿಯಾಗಿ ಇನ್ನೊಂದು ನೆಟ್‌ವರ್ಕ್ ಸೇರಿಸಿ.

ಸ್ಟೋರೇಜ್ ವೈರಿಂಗ್ ಬೇಗ ಹೇಳಿಬಿಡುತ್ತೇನೆ. ಐಎಸ್‌ಸಿಎಸ್‌ಐಗೆ (ನೆಟ್‌ವರ್ಕ್ ಮೂಲಕ ಲನ್ ಕೊಡುವ ಪದ್ಧತಿ) ಎರಡು ಬೇರೆ ಸ್ವಿಚ್, ಎರಡು ಬೇರೆ ಸಬ್‌ನೆಟ್, ಮೇಲೆ ಮಲ್ಟಿಪಾತ್ (ಒಂದು ದಾರಿ ಹೋದರೆ ಇನ್ನೊಂದನ್ನು ಹಿಡಿಯುವ ವ್ಯವಸ್ಥೆ). ಎರಡು ಪೋರ್ಟ್ ಸೇರಿಸಿ ಬಾಂಡ್ ಮಾಡುವ ಅಗತ್ಯ ಇಲ್ಲ, ದಾರಿ ಬದಲಿಸುವ ಕೆಲಸ ಮಲ್ಟಿಪಾತ್‌ನದ್ದು. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟುಗಳಲ್ಲಿ) 9000 ಇಟ್ಟರೆ ಸರ್ವರ್, ಸ್ವಿಚ್, ಡಬ್ಬ ಮೂರೂ ಕಡೆ ಇಡಿ, ಇಲ್ಲದಿದ್ದರೆ ಎಲ್ಲ ಕಡೆ 1500 ಬಿಡಿ. ತುಂಡು ಮಾಡಬೇಡ ಎಂದು ಹೇಳಿ 8972 ಬೈಟಿನ ಪಿಂಗ್ ಕಳಿಸಿದರೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ರ‍್ಯಾಮ್ ಬಗ್ಗೆ ಒಂದೇ ಮಾತು: ಎಲ್ಲ ವಿಎಂಗಳೂ ಎರಡು ಸರ್ವರ್‌ನಲ್ಲಿ ಹಿಡಿಸಬೇಕು. ಒಟ್ಟು 450 ಜಿಬಿ ದಾಟಿಸಬೇಡಿ.

ಇನ್ನು ಬೀಳುವ ಲೆಕ್ಕದ ಕೊನೆಯ ಸಾಲು: ಆ ಸ್ಯಾನ್ ಡಬ್ಬವೇ ಹೋದರೆ? ಮೂರು ವಸ್ತುಗಳನ್ನು ಅದರ ಹೊರಗೆ ಇಡಿ. ನಿಮ್ಮ ಡೊಮೇನ್ ಕಂಟ್ರೋಲರ್‌ಗಳಲ್ಲಿ (ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್) ಒಂದನ್ನು ಒಂದು ಸರ್ವರಿನ ಒಳಗಿನ ಡಿಸ್ಕ್ ಮೇಲೆ, ಎಚ್‌ಎ ಇಲ್ಲದೆ ಓಡಿಸಿ. ಸ್ಯಾನ್ ಬಿದ್ದಾಗ ಲಾಗಿನ್ನೂ ಡಿಎನ್‌ಎಸ್ಸೂ ಅದರ ಜೊತೆಯೇ ಬಿದ್ದರೆ ರಿಪೇರಿ ಮಾಡಲು ನೀವೇ ಒಳಗೆ ಹೋಗಲಾರಿರಿ. ಎರಡನೆಯದು, ಡೇಟಾಬೇಸಿನ ಎರಡನೇ ಪ್ರತಿ. ಡೇಟಾಬೇಸಿನದೇ ರೆಪ್ಲಿಕೇಶನ್ ಬಳಸಿ ಮೂರನೇ ಸರ್ವರಿನ ಒಳಗಿನ ಎಸ್‌ಎಸ್‌ಡಿಗೆ ಕಳಿಸುತ್ತಿರಿ. 300 ಜಿಬಿ ಅಷ್ಟೇ ತಾನೇ, ಎರಡು ಎಸ್‌ಎಸ್‌ಡಿ ಮಿರರ್ ಮಾಡಿದರೆ ಸಾಕು. ಅದರ ಅಪ್ಲಿಕೇಶನ್ ಸರ್ವರಿನ ಒಂದು ಪ್ರತಿಯೂ ಅಲ್ಲೇ ಇದ್ದರೆ, ಸ್ಯಾನ್ ಎರಡು ದಿನ ಮಲಗಿದರೂ ಆಸ್ಪತ್ರೆಯ ದಾಖಲೆ ನಡೆಯುತ್ತದೆ. ಮೂರನೆಯದು ಬ್ಯಾಕಪ್. ಅದು ಬೇರೆ ಯಂತ್ರ, ಸಾಧ್ಯವಾದರೆ ಬೇರೆ ಕಟ್ಟಡ, ಡೊಮೇನ್ ಪಾಸ್‌ವರ್ಡ್‌ಗೆ ಸಿಗದ ಬೇರೆ ಲಾಗಿನ್. ರ‍್ಯಾನ್ಸಮ್‌ವೇರ್ ಬಂದರೆ ರೇಡ್, ಸೆಫ್, ರೆಪ್ಲಿಕೇಶನ್ ಎಲ್ಲವೂ ಬೀಗ ಬಿದ್ದ ಫೈಲನ್ನೇ ಬಹಳ ನಿಷ್ಠೆಯಿಂದ ಎಲ್ಲ ಪ್ರತಿಗಳಿಗೂ ಬರೆಯುತ್ತವೆ.

ಕರೆಂಟ್ ವಾಪಸ್ ಬರುವ ಹೊತ್ತನ್ನೂ ಯೋಚಿಸಿ. ಎಲ್ಲ ಆಫ್ ಆಗಿ ಮತ್ತೆ ಬಂದಾಗ ಸ್ಯಾನ್ ಡಬ್ಬ ಏಳಲು ಸರ್ವರ್‌ಗಿಂತ ಜಾಸ್ತಿ ಹೊತ್ತು ಹಿಡಿಯುವುದುಂಟು. ಸರ್ವರ್ ಮೊದಲೇ ಎದ್ದು ಲನ್ ಕಾಣದೆ ವಿಎಂಗಳನ್ನು ಶುರು ಮಾಡಲಾರದೆ ಕೈಚೆಲ್ಲುತ್ತದೆ. ಬಯೋಸ್‌ನಲ್ಲಿ ಸರ್ವರ್‌ಗಳಿಗೆ ಪವರ್ ಆನ್ ವಿಳಂಬ ಇಡಿ, ಅಥವಾ ಸುಮ್ನೆ ಕೈಯಾರೆ ಆನ್ ಮಾಡುವ ಪದ್ಧತಿ ಇಟ್ಟುಕೊಂಡು ಕ್ರಮವನ್ನು ರ‍್ಯಾಕ್ ಬಾಗಿಲಿಗೆ ಅಂಟಿಸಿ. ಆ ಹುಡುಗನೊಬ್ಬನೇ ಇದ್ದಾಗ ಓದಿ ಮಾಡುವಂತಿರಲಿ.

ನಿಜವಾದ ಡೇಟಾ ಹಾಕುವ ಮೊದಲು ಒಂದು ಭಾನುವಾರ ವೆಂಡರನ್ನು ಕೂರಿಸಿಕೊಳ್ಳಿ. ನಾಲ್ಕೈದು ಪರೀಕ್ಷಾ ವಿಎಂ ಓಡುತ್ತಿರಲಿ. ಮೊದಲು ಒಂದು ಸ್ಟೋರೇಜ್ ವೈರ್ ಕೀಳಿ. ಆಮೇಲೆ ಒಂದು ಸ್ವಿಚ್ ಆಫ್ ಮಾಡಿ. ಒಂದು ಕಂಟ್ರೋಲರ್ ಹೊರಗೆ ಎಳೆಯಿರಿ. ಒಂದು ಸರ್ವರಿನ ಪ್ಲಗ್ ಕೀಳಿ. ಒಂದು ಯುಪಿಎಸ್ ಆಫ್ ಮಾಡಿ. ಕೊನೆಗೆ ಸ್ಯಾನ್ ಡಬ್ಬದ ಎರಡೂ ಪವರ್ ವೈರ್ ಒಟ್ಟಿಗೆ ಕಿತ್ತು, ಡಿಎನ್‌ಎಸ್ ಉತ್ತರಿಸುತ್ತದೆಯಾ, ಡೇಟಾಬೇಸಿನ ಎರಡನೇ ಪ್ರತಿ ಏಳುತ್ತದೆಯಾ ನೋಡಿ. ಪ್ರತಿ ಸಲ ಎಷ್ಟು ನಿಮಿಷ ಆಯಿತು ಎಂದು ಬರೆದು ಅದೇ ಹಾಳೆಯನ್ನು ಆಡಳಿತ ಮಂಡಳಿಗೆ ಕೊಡಿ. ಈ ಕೊನೆಯ ಪರೀಕ್ಷೆಗೆ ವೆಂಡರ್ ಒಪ್ಪದಿದ್ದರೆ ಕೊನೆಯ ಕಂತು ಕೊಡಬೇಡಿ. ಈ ಷರತ್ತನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ.